ಡೋಫರ್ ಎ-124 ವಾಸ್ಪ್ ಫಿಲ್ಟರ್: ಅಗ್ಗದ ಚಿಪ್ಪಿನಿಂದ ಹುಟ್ಟಿದ ಒರಟು ನಾದ

ಮಾಡ್ಯುಲರ್ ಸಿಂಥಸೈಜರ್ (ಮಾಡ್ಯೂಲ್ ಎಂಬ ಬಿಡಿ ಘಟಕಗಳನ್ನು ತಂತಿಗಳಿಂದ ಜೋಡಿಸಿ ನಾದ ಹುಟ್ಟಿಸುವ ವಾದ್ಯ) ಕಟ್ಟುವವರಿಗೆ ಸರಳ ವಿನ್ಯಾಸದ ಮೌಲ್ಯ ಏನೆಂದು ತಿಳಿಸಿಕೊಡುವ ಮಾಡ್ಯೂಲ್‌ಗಳಲ್ಲಿ ಜರ್ಮನಿಯ ಡೋಫರ್ ಸಂಸ್ಥೆಯ ಎ-124 ಫಿಲ್ಟರ್ (ನಾದದ ಕೆಲವು ಆವರ್ತನಗಳನ್ನು ತಗ್ಗಿಸಿ ಉಳಿದವನ್ನು ಹಾಯಿಸುವ ಘಟಕ) ನನಗೆ ಅತ್ಯಂತ ಪ್ರಿಯವಾದುದು. ಇದರ ಮೂಲ 1978ರಲ್ಲಿ ಇಂಗ್ಲೆಂಡಿನ ಇಡಿಪಿ ಸಂಸ್ಥೆ ಹೊರತಂದ, ಕ್ರಿಸ್ ಹಗೆಟ್ ವಿನ್ಯಾಸಗೊಳಿಸಿದ ವಾಸ್ಪ್ ಎಂಬ ಪುಟ್ಟ, ಅಗ್ಗದ ಸಿಂಥಸೈಜರ್‌ನಲ್ಲಿದೆ.

ಈ ಫಿಲ್ಟರ್‌ನ ಹೃದಯ ಸಿಮಾಸ್ ಇನ್ವರ್ಟರ್, ಅಂದರೆ ಸೊನ್ನೆಯನ್ನು ಒಂದಾಗಿ, ಒಂದನ್ನು ಸೊನ್ನೆಯಾಗಿ ತಿರುಗಿಸುವ ಅಗ್ಗದ ಚಿಪ್ಪು. ಸೊನ್ನೆ-ಒಂದುಗಳ ತರ್ಕಕ್ಕೆಂದು ತಯಾರಾದ ಈ ಚಿಪ್ಪಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ರೆಸಿಸ್ಟರ್ ಜೋಡಿಸಿದರೆ ಅದು ಎರಡು ಸ್ಥಿತಿಗಳ ನಡುವೆ ನಿಂತು, ಸಾಧಾರಣ ಆಂಪ್ಲಿಫೈಯರ್‌ನಂತೆ ವರ್ತಿಸತೊಡಗುತ್ತದೆ. ಅದರ ವರ್ಧನೆ ನೇರ ರೇಖೆಯಲ್ಲಿ ಸಾಗದ ಕಾರಣ ಸಿಗ್ನಲ್ ಜೋರಾದಂತೆ ಅಲೆಯ ತುದಿಗಳು ಚಪ್ಪಟೆಯಾಗಿ, ನಾದಕ್ಕೆ ಗೊಗ್ಗರು ಗುಣ ಬರುತ್ತದೆ. ಖರ್ಚು ತಗ್ಗಿಸುವ ಉಪಾಯವೇ ಇಲ್ಲಿ ವ್ಯಕ್ತಿತ್ವವಾಗಿರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಕೇವಲ 8 ಎಚ್‌ಪಿ (ಮಾಡ್ಯೂಲ್ ಅಗಲದ ಅಳತೆ), ಅಂದರೆ ಸುಮಾರು 4 ಸೆಂಟಿಮೀಟರ್ ಅಗಲದ ಫಲಕದಲ್ಲಿ ಬ್ಯಾಂಡ್‌ಪಾಸ್‌ಗೆ (ನಡುವಿನ ಒಂದು ಪಟ್ಟಿಯ ಆವರ್ತನಗಳನ್ನು ಮಾತ್ರ ಹಾಯಿಸುವ ಬಗೆ) ಪ್ರತ್ಯೇಕ ಔಟ್‌ಪುಟ್ ಇದೆ. ಇನ್ನೊಂದು ಔಟ್‌ಪುಟ್‌ನಲ್ಲಿ ಒಂದೇ ಗುಂಡಿಯನ್ನು ತಿರುಗಿಸುತ್ತ ಲೋಪಾಸ್‌ನಿಂದ (ಕೆಳಗಿನ ಆವರ್ತನಗಳನ್ನು ಹಾಯಿಸುವುದು) ನಾಚ್ (ನಡುವಿನ ಪಟ್ಟಿಯನ್ನು ತಗ್ಗಿಸುವುದು) ಮೂಲಕ ಹೈಪಾಸ್‌ವರೆಗೆ (ಮೇಲಿನ ಆವರ್ತನಗಳನ್ನು ಹಾಯಿಸುವುದು) ಸಾಗಬಹುದು. ಗರಗಸದ ಹಲ್ಲಿನಾಕಾರದ ಸಾಟೂತ್ ಅಲೆಯನ್ನು ಹಾಯಿಸಿ ಆ ಗುಂಡಿಯನ್ನು ನಿಧಾನವಾಗಿ ತಿರುಗಿಸಿದಾಗ ಕೇಳಿಸುವ ಬದಲಾವಣೆಗಾಗಿಯೇ ಇದನ್ನು ಕೊಳ್ಳಬಹುದು. ರೆಸೊನೆನ್ಸ್ (ಕಡಿತದ ಆವರ್ತನದ ಬಳಿ ನಾದವನ್ನು ಎತ್ತಿ ತೋರಿಸುವ ಗುಣ) ಅನ್ನು ಕೈಯಿಂದ ಮಾತ್ರ ಹೊಂದಿಸಬೇಕು, ಬೇರೆ ಮಾಡ್ಯೂಲ್‌ನ ಸಿಗ್ನಲ್‌ನಿಂದ ಅದನ್ನು ಬದಲಿಸುವ ವೋಲ್ಟೇಜ್ ನಿಯಂತ್ರಣವಿಲ್ಲ. ಇದು ನಿಜವಾದ ಕೊರತೆ. ನುಣುಪಾದ, ಶುದ್ಧ ಲೋಪಾಸ್ ಬಯಸುವವರು ಬೇರೆ ಮಾಡ್ಯೂಲ್ ನೋಡುವುದು ಒಳಿತು. ಸ್ವತಃ ಫಿಲ್ಟರ್ ವಿನ್ಯಾಸ ಕಲಿಯುತ್ತಿರುವವರಿಗಂತೂ ಇದಕ್ಕಿಂತ ಉತ್ತಮವಾದ ಮಾದರಿಯನ್ನು ನಾನು ಸೂಚಿಸಲಾರೆ.