ಮೂಳೆಯೋ, ಕಾಡೋ: ಎಂ.ಎಸ್ಸಿ. ಪ್ರಬಂಧಕ್ಕೆ ಯಾವ ದಾರಿ?

ಮಾನವ ವಿಕಾಸ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಪ್ರಬಂಧದ ಹೊತ್ತಿಗೆ ಎರಡು ದಾರಿ ಬರುತ್ತವೆ: ಮೂಳೆ ಅಳೆಯುವುದು, ಇಲ್ಲವೇ ಕೋತಿ, ವಾನರಗಳಂಥ ಜೀವಂತ ಪ್ರೈಮೇಟ್‌ಗಳ ಹಿಂದೆ ಅಲೆಯುವುದು.

ಮೂಳೆಯ ಕೆಲಸವೆಲ್ಲ ಮೇಜಿನ ಮೇಲೆ. ಮನುಷ್ಯನ ತೊಡೆಮೂಳೆ ಸೊಂಟದಿಂದ ಮೊಣಕಾಲಿಗೆ ಒಳಮುಖವಾಗಿ ಓರೆಯಾಗಿ ಇಳಿಯುತ್ತದೆ. ಚಿಂಪಾಂಜಿಯದು ಹೆಚ್ಚುಕಡಿಮೆ ನೆಟ್ಟಗೆ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ‘ಲೂಸಿ’ಯಲ್ಲೂ (ಮನುಷ್ಯನ ಪ್ರಾಚೀನ ಬಂಧುವಾದ ಹೆಣ್ಣೊಂದರ ಅಸ್ಥಿಪಂಜರ) ಈ ಓರೆ ಇದೆ. ಅವಳು ಎರಡು ಕಾಲಲ್ಲಿ ನಡೆದಳೆನ್ನಲು ಇರುವ ಗುರುತುಗಳಲ್ಲಿ ಅದೂ ಒಂದು. ಮೂಳೆಯ ಎರಕದ ಪ್ರತಿ, ಕ್ಯಾಲಿಪರ್ (ಅಳತೆಯ ಸಲಕರಣೆ) ಕೈಯಲ್ಲಿದ್ದರೆ ಇಂಥದ್ದನ್ನು ನೀವೇ ಅಳೆಯಬಹುದು, ಅನುಮಾನ ಬಂದರೆ ಮತ್ತೆ ಅಳೆಯಬಹುದು. ಆದರೆ ಮೂಲ ಪಳೆಯುಳಿಕೆ ಮುಟ್ಟುವ ಅವಕಾಶ ನಮ್ಮಲ್ಲಿ ಅಪರೂಪ. ನರ್ಮದಾ ಕಣಿವೆಯ ಹಥ್ನೋರಾದಲ್ಲಿ 1982ರಲ್ಲಿ ಸಿಕ್ಕ ಪ್ರಾಚೀನ ಮಾನವನ ಬುರುಡೆಯಂಥವು ಬೆರಳೆಣಿಕೆಯಷ್ಟೇ.

ಕಾಡಿನ ದಾರಿಗೆ ಕರ್ನಾಟಕ ಹೇಳಿಮಾಡಿಸಿದ ಜಾಗ. ಶರಾವತಿ ಕಣಿವೆಯಲ್ಲಿ ಸಿಂಗಳೀಕ, ತುಮಕೂರು ಕಡೆ ಕಾಡುಪಾಪ. ಕಾಡುಪಾಪದ ಕೈಯನ್ನೇ ನೋಡಿ: ತೋರುಬೆರಳು ಮೋಟು, ಹೆಬ್ಬೆರಳು ಎದುರಿಗೆ ಅಗಲವಾಗಿ ಚಾಚಿ, ಕೊಂಬೆಯನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತದೆ. ಅರಣ್ಯ ಇಲಾಖೆಯ ಅನುಮತಿಗೆ ಮಾತ್ರ ಬೇಗ ಅರ್ಜಿ ಹಾಕಿ.

ಒಂದೇ ಸೆಮಿಸ್ಟರ್ ಇದ್ದರೆ ಮೂಳೆಯನ್ನೇ ಆರಿಸಿ. ಮುಂದೆ ಪಿಎಚ್.ಡಿ. ಮಾಡುವ ಮನಸ್ಸಿದ್ದರೆ ಈಗಲೇ ಕಾಡಿಗಿಳಿಯಿರಿ ಎನ್ನುತ್ತೇನೆ.