ಹಾಬ್ಸನ್-ಜಾಬ್ಸನ್: ಅಡಿಕೆ ತೋಟದವರು ಓದಬೇಕಾದ ಡಿಕ್ಷನರಿ

ಶಿರಸಿ ಪೇಟೆಯಲ್ಲಿ ಅಡಿಕೆ ಅಂಗಡಿಗಳ ಬೋರ್ಡಿನ ಮೇಲೆ 'ಅರೇಕಾನಟ್' ಅಂತ ಓದುತ್ತಲೇ ಬೆಳೆದವಳು ನಾನು. ಅರೇಕಾ ಅಂದರೆ ಲ್ಯಾಟಿನ್ ಪದ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಮಲಯಾಳದ 'ಅಡಕ್ಕ' ಪೋರ್ಚುಗೀಸರ ಬಾಯಲ್ಲಿ ಅರೇಕಾ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿದ್ದು. ಅಡಕ್ಕ, ಅಡಿಕೆ ಅಕ್ಕತಂಗಿಯರು ಅಲ್ವಾ!

ಇದು ಸಿಕ್ಕಿದ್ದು ಹಾಬ್ಸನ್-ಜಾಬ್ಸನ್‌ನಲ್ಲಿ. ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಮಾತುಗಳ ಡಿಕ್ಷನರಿ ಇದು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ಮಾಡಿದ್ದು, 1886ರಲ್ಲಿ ಬಂತು. ಬರ್ನೆಲ್ 1882ರಲ್ಲೇ ತೀರಿಕೊಂಡಿದ್ದರು, ಪಾಪ, ಅಚ್ಚಾದ ಪುಸ್ತಕ ನೋಡಲಿಲ್ಲ. ನಾನು ತರಿಸಿದ್ದು ವಿಲಿಯಂ ಕ್ರೂಕ್ ತಿದ್ದಿದ 1903ರ ಆವೃತ್ತಿಯ ಮರುಮುದ್ರಣ.

ಮೊದಲು ನೋಡಿದ್ದೇ ಕವಳದ ಸಾಮಾನು. 'ಬೀಟಲ್' ಅನ್ನೋದು ಮಲಯಾಳದ ವೆಟ್ಟಿಲದಿಂದ ಬಂತು, ಅಂದರೆ ಎಲೆ. ಹಾಗಿದ್ದ ಮೇಲೆ ಅಡಿಕೆಗೆ ಬೀಟಲ್‌ನಟ್ ಅನ್ನೋದು ಸರಿಯಲ್ಲ ಅಂತ ಪುಸ್ತಕವೇ ಹೇಳುತ್ತದೆ. ಕಾಯಿರ್, ಕೊಪ್ರಾ, ಜ್ಯಾಕ್‌ಫ್ರೂಟ್, ಟೀಕ್ ಎಲ್ಲವೂ ಇದೇ ಕರಾವಳಿಯ ದಾರಿಯಲ್ಲಿ ಹೋದವು. ಹಲಸು ಮಲಯಾಳದಲ್ಲಿ ಚಕ್ಕ, ಪೋರ್ಚುಗೀಸರಿಗೆ ಜಾಕ, ಇಂಗ್ಲಿಷರಿಗೆ ಜ್ಯಾಕ್. ಪೋರ್ಚುಗೀಸರು 1498ರಲ್ಲಿ ಬಂದಿಳಿದದ್ದು ಕೋಳಿಕ್ಕೋಡಿನ ಹತ್ತಿರ, ಹಾಗಾಗಿ ಮಲಯಾಳದ ಪದಗಳೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು 'ಘಾಟ್' ಪದದ ವಿವರಣೆ. ಘಾಟ್ ಅಂದರೆ ಮೊದಲು ನೀರಿಗೆ ಇಳಿಯುವ ಜಾಗ, ಆಮೇಲೆ ಬೆಟ್ಟ ಹತ್ತಿ ಇಳಿಯುವ ದಾರಿ. ಘಟ್ಟದ ಮೇಲಿನ ಸೀಮೆ, ಘಟ್ಟದ ಕೆಳಗಿನ ಸೀಮೆ ಅಂತ ಜನ ಆಡೋದನ್ನು ಕೇಳಿ, ಪರದೇಶದವರು ಅದು ಇಡೀ ಬೆಟ್ಟಸಾಲಿನ ಹೆಸರೇ ಅಂದುಕೊಂಡಿರಬೇಕು ಅನ್ನುತ್ತಾರೆ ಇವರು. ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಮಾತು: ಕುಮಟೆಯ ಅತ್ತೆ 'ಘಟ್ಟದ ಕೆಳಗಿನವರು', ಅವರ ಲೆಕ್ಕದಲ್ಲಿ ನಾವು 'ಘಟ್ಟದ ಮೇಲಿನವರು', ನಡುವೆ ದೇವಿಮನೆ ಘಟ್ಟ. ಅಪ್ಪಯ್ಯನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಅಂದರು.

ಕೊರತೆಗಳೂ ಇವೆ. ಕನ್ನಡಕ್ಕೆ ಸಿಕ್ಕ ಜಾಗ ಕಡಿಮೆ. ಅಧಿಕಾರದಲ್ಲಿದ್ದವರು ಬರೆದದ್ದು, ನಮ್ಮ ಜನರ ಬಗ್ಗೆ ಆಡಿದ ಕೆಲವು ಮಾತು ಓದುವಾಗ ನೋವಾಗುತ್ತದೆ. ಹೆಸರು ಕೂಡ ಹಾಗೇ: ಮೊಹರಂನಲ್ಲಿ 'ಯಾ ಹಸನ್, ಯಾ ಹುಸೇನ್' ಅಂತ ಶೋಕದಿಂದ ಕೂಗುವುದನ್ನು ಬ್ರಿಟಿಷ್ ಸಿಪಾಯಿಗಳು ಕೆಡಿಸಿ ಹೇಳಿದ್ದು. ಮರುಮುದ್ರಣದ ಅಕ್ಷರ ಬಹಳ ಸಣ್ಣದು, ಕೆಲವು ಪುಟ ಮಸುಕು. ಸಾವಿರಕ್ಕೂ ಜಾಸ್ತಿ ಪುಟ, ಕೈಯಲ್ಲಿ ಹಿಡಿದು ಓದೋಕೆ ಆಗಲ್ಲ.

ದುಡ್ಡು ಕೊಡುವ ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ, 1903ರದ್ದು ಪುಕ್ಕಟೆ ಇದೆ. ಹುಡುಕುವಾಗ ಹಳೇ ಸ್ಪೆಲಿಂಗ್ ಹಾಕಿ. ಘಾಟ್ ಬೇಕಿದ್ದರೆ ಜಿ, ಎಚ್, ಎ, ಯು, ಟಿ.