ಗೇಮ್ ಬಾಯ್ ಅಡ್ವಾನ್ಸ್ ಆಟಗಳಿಗೆ ಯಾವ ಹ್ಯಾಂಡ್‌ಹೆಲ್ಡ್ ಸರಿ?

ಮೊದಲೇ ಹೇಳಿಬಿಡುತ್ತೇನೆ: ನೀವು ಆಡುವುದು ಹೆಚ್ಚಾಗಿ ಗೇಮ್ ಬಾಯ್ ಅಡ್ವಾನ್ಸ್ (ನಿಂಟೆಂಡೋದ ಹಳೆಯ ಕೈಯಾಟದ ಯಂತ್ರ) ಆಟಗಳನ್ನೇ ಆದರೆ, ಹಳೆಯ ಆಟಗಳನ್ನು ಓಡಿಸುವ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಆನ್‌ಬರ್ನಿಕ್‌ನ ಆರ್‌ಜಿ34ಎಕ್ಸ್‌ಎಕ್ಸ್ ತೆಗೆದುಕೊಳ್ಳಿ. ಮಿಯೂ ಮಿನಿ ಪ್ಲಸ್, ಟ್ರಿಮ್‌ಯುಐ ಬ್ರಿಕ್, ಆರ್‌ಜಿ35ಎಕ್ಸ್‌ಎಕ್ಸ್ ಎಚ್ ಇವುಗಳಲ್ಲೂ ಅವೇ ಆಟಗಳನ್ನು ಹಾಕಿ ನೋಡಿಯೇ ಹೇಳುತ್ತಿರುವುದು. ಪ್ರೊಸೆಸರ್ ಲೆಕ್ಕ ಇಲ್ಲಿ ಬೇಡ. ಈ ಆಟಗಳು ನಾಲ್ಕರಲ್ಲೂ ಸಲೀಸಾಗಿ ಓಡುತ್ತವೆ. ತಕರಾರು ಇರುವುದು ಸ್ಕ್ರೀನಿನಲ್ಲಿ.

ಅಡ್ವಾನ್ಸ್ ಚಿತ್ರ 240×160 ಪಿಕ್ಸೆಲ್. ಮಿಯೂ ಮತ್ತು 35ಎಕ್ಸ್‌ಎಕ್ಸ್ ಎಚ್ ಎರಡರದ್ದೂ 640×480 ಸ್ಕ್ರೀನ್. ಅಗಲ ಪೂರ್ತಿ ತುಂಬಬೇಕೆಂದರೆ ಚಿತ್ರವನ್ನು 2.67 ಪಟ್ಟು ಹಿಗ್ಗಿಸಬೇಕು. ಪಿಕ್ಸೆಲ್ಲನ್ನು ತುಂಡು ಮಾಡಲು ಬರುವುದಿಲ್ಲವಲ್ಲ, ಹಾಗಾಗಿ ಆಟದ ಒಂದು ಪಿಕ್ಸೆಲ್‌ಗೆ ಸ್ಕ್ರೀನಿನ ಮೂರು ಸಿಕ್ಕರೆ ಪಕ್ಕದ್ದಕ್ಕೆ ಎರಡೇ ಸಿಗುತ್ತವೆ. ನಿಂತ ಚಿತ್ರದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಪಾತ್ರ ನಡೆದು ಹಿನ್ನೆಲೆ ಸರಿಯತೊಡಗಿದರೆ ಇಟ್ಟಿಗೆ ಗೋಡೆ, ಹುಲ್ಲು, ಬೇಲಿ ಎಲ್ಲ ಮಿಣಮಿಣ ಅಲುಗುತ್ತವೆ. ಒಮ್ಮೆ ಕಣ್ಣಿಗೆ ಬಿತ್ತೆಂದರೆ ಆಮೇಲೆ ಅದೇ ಕಾಣುತ್ತಿರುತ್ತದೆ.

ಮದ್ದಿಲ್ಲವೆಂದಲ್ಲ. ಈ ಆಟಗಳನ್ನು ಓಡಿಸುವ ತಂತ್ರಾಂಶ ರೆಟ್ರೋಆರ್ಚ್‌ನಲ್ಲಿ ಸೆಟ್ಟಿಂಗ್ಸ್, ವಿಡಿಯೋ, ಸ್ಕೇಲಿಂಗ್‌ಗೆ ಹೋಗಿ ಇಂಟಿಜರ್ ಸ್ಕೇಲ್ (ಎರಡು, ಮೂರು ಹೀಗೆ ಪೂರ್ಣ ಪಟ್ಟು ಮಾತ್ರ ಹಿಗ್ಗಿಸುವುದು) ಆನ್ ಮಾಡಿದರೆ ಅಲುಗಾಟ ನಿಲ್ಲುತ್ತದೆ. ಆದರೆ ಚಿತ್ರ 480×320ಕ್ಕೆ ಕುಗ್ಗಿ, 3.5 ಇಂಚಿನ ಸ್ಕ್ರೀನಿನಲ್ಲಿ ಸುಮಾರು 2.5 ಇಂಚು ಉಳಿಯುತ್ತದೆ. ಮೂಲ ಅಡ್ವಾನ್ಸ್ ಸ್ಕ್ರೀನೇ 2.9 ಇಂಚು ಇತ್ತು! ಪಕ್ಕದ ಪಿಕ್ಸೆಲ್‌ಗಳ ಬಣ್ಣ ಬೆರೆಸುವ ಬೈಲೀನಿಯರ್ ಫಿಲ್ಟರ್ ಹಾಕಿದರೆ ಗಾತ್ರ ಉಳಿಯುತ್ತದೆ, ಅಂಚುಗಳೆಲ್ಲ ಮಸುಕಾಗುತ್ತವೆ. ಮಸುಕು ಕಡಿಮೆ ಇರುವಂತೆ ಚಿತ್ರ ತಿದ್ದುವ ಶಾರ್ಪ್ ಬೈಲೀನಿಯರ್ ಶೇಡರ್ 35ಎಕ್ಸ್‌ಎಕ್ಸ್ ಎಚ್‌ನಲ್ಲಿ ಪರವಾಗಿಲ್ಲ ಅನ್ನಿಸುವಷ್ಟು ಕೆಲಸ ಮಾಡುತ್ತದೆ; ಮಿಯೂಗೆ ಶೇಡರ್ ಓಡಿಸುವ ಶಕ್ತಿ ಇಲ್ಲ.

34ಎಕ್ಸ್‌ಎಕ್ಸ್ ಸ್ಕ್ರೀನ್ 720×480. ಸರಿಯಾಗಿ ಮೂರು ಪಟ್ಟು, ನಾಲ್ಕೂ ಅಂಚಿಗೆ ತಾಗುವಂತೆ. ಫಿಲ್ಟರ್ ತೆಗೆದುಹಾಕಿ, ಆಸ್ಪೆಕ್ಟ್ ರೇಷಿಯೋವನ್ನು (ಅಗಲ-ಎತ್ತರದ ಅನುಪಾತ) ಕೋರ್ ಪ್ರೊವೈಡೆಡ್‌ಗೆ ಇಟ್ಟರೆ ಮುಗಿಯಿತು; ಕೋರ್ ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಭಾಗ. ಇದರ ಸ್ಕ್ರೀನ್ 3.4 ಇಂಚು, ಹಾಗಾಗಿ ಚಿತ್ರ ಚಿಕ್ಕದು ಅಂದುಕೊಳ್ಳುವವರಿದ್ದಾರೆ. ಅಳೆದರೆ ಇದರಲ್ಲಿ ಅಡ್ವಾನ್ಸ್ ಚಿತ್ರದ ಅಗಲ ಸುಮಾರು 7.2 ಸೆಂ.ಮೀ., 3.5 ಇಂಚಿನವುಗಳಲ್ಲಿ 7.1. ಅವುಗಳ ಹೆಚ್ಚುವರಿ ಜಾಗವೆಲ್ಲ ಮೇಲೆ ಕೆಳಗೆ ಕಪ್ಪು ಪಟ್ಟಿಗೆ ಹೋಗುತ್ತದೆ.

ಬ್ರಿಕ್ ಬೇರೆ ದಾರಿ ಹಿಡಿದಿದೆ: 3.2 ಇಂಚಿನಲ್ಲೇ 1024×768. ನಾಲ್ಕು ಪಟ್ಟು ಹಿಗ್ಗಿಸಿದರೆ 960×640, ಅಕ್ಕಪಕ್ಕ 32 ಪಿಕ್ಸೆಲ್ ಮಾತ್ರ ಖಾಲಿ. ಪಿಕ್ಸೆಲ್ ಎಷ್ಟು ಸಣ್ಣವೆಂದರೆ ಇಂಟಿಜರ್ ಸ್ಕೇಲ್ ಇಲ್ಲದಿದ್ದರೂ ಅಲುಗಾಟ ಕಾಣುವುದು ಕಷ್ಟ. ಚಿತ್ರದ ಅಗಲ ಮಾತ್ರ ಸುಮಾರು 6.1 ಸೆಂ.ಮೀ., ಸಣ್ಣ ಅಕ್ಷರ ಓದುವಾಗ ವ್ಯತ್ಯಾಸ ತಿಳಿಯುತ್ತದೆ.

34ಎಕ್ಸ್‌ಎಕ್ಸ್‌ನಲ್ಲಿ ಕೊರತೆ ಇಲ್ಲವೇ? ಇದೆ. ಪ್ಲೇಸ್ಟೇಷನ್ ಆಟ ಹಾಕಿದರೆ ಎಡಬಲ 40 ಪಿಕ್ಸೆಲ್ ಕಪ್ಪು, ಚಿತ್ರ ಸುಮಾರು 3.1 ಇಂಚಿಗೆ ಇಳಿಯುತ್ತದೆ. ಅನಲಾಗ್ ಸ್ಟಿಕ್ ಇಲ್ಲ. ಪ್ಲೇಸ್ಟೇಷನ್ನೇ ಮುಖ್ಯ, ದುಡ್ಡು ಒಂದಕ್ಕೇ ಸಾಲುವುದು ಅನ್ನುವವರು ಎರಡು ಸ್ಟಿಕ್ ಇರುವ 35ಎಕ್ಸ್‌ಎಕ್ಸ್ ಎಚ್ ಕೊಳ್ಳಲಿ. ಹಳೆಯ ಗೇಮ್ ಬಾಯ್ ಆಟಗಳಿಗೆ ಈ ಜಗಳವೇ ಇಲ್ಲ, 640×480, 720×480 ಎರಡು ಬಗೆಯ ಸ್ಕ್ರೀನಿನಲ್ಲೂ ಮೂರು ಪಟ್ಟು, 480×432.

ಮಿಯೂನಲ್ಲಿ ನನಗೆ ಹೊಟ್ಟೆಕಿಚ್ಚು ಬರಿಸುವುದು ಅದಕ್ಕೆ ಹಾಕಿಕೊಳ್ಳಬಹುದಾದ ಆನಿಯನ್ ಓಎಸ್ ಎಂಬ ತಂತ್ರಾಂಶ. ಆಫ್ ಮಾಡಿದರೆ ತಾನೇ ಸೇವ್ ಮಾಡಿಕೊಂಡು, ಆನ್ ಮಾಡಿದಾಗ ಬಿಟ್ಟಲ್ಲಿಂದಲೇ ಆಟ ಎತ್ತಿಕೊಳ್ಳುತ್ತದೆ. ಐದು ನಿಮಿಷ ಸಿಕ್ಕಾಗಲೆಲ್ಲ ಆಡುವವರಿಗೆ ಇದು ಸ್ಕ್ರೀನಿಗಿಂತ ದೊಡ್ಡದಾಗಬಹುದು.

ಯಾವುದನ್ನೇ ಕೊಂಡರೂ ಜೊತೆಗೆ ಬರುವ ಬ್ರ್ಯಾಂಡಿಲ್ಲದ ಮೆಮೊರಿ ಕಾರ್ಡನ್ನು ನಂಬಬೇಡಿ; ಅದರಲ್ಲಿರುವುದನ್ನು ಕಂಪ್ಯೂಟರಿಗೆ ನಕಲು ಮಾಡಿ ಒಳ್ಳೆಯ ಕಾರ್ಡ್ ಹಾಕಿ. 34ಎಕ್ಸ್‌ಎಕ್ಸ್‌ಗೆ ಎರಡು ಸ್ಲಾಟ್ ಇವೆ. ಮೊದಲನೆಯದರಲ್ಲಿ ಓಎಸ್, ಎರಡನೆಯದರಲ್ಲಿ ಆಟಗಳನ್ನಿಟ್ಟರೆ ಓಎಸ್ ಬದಲಿಸುವಾಗ ಆಟಗಳಿಗೆ ಧಕ್ಕೆಯಿಲ್ಲ. ಒಂದು ಹ್ಯಾಂಡ್‌ಹೆಲ್ಡ್‌ನಿಂದ ಇನ್ನೊಂದಕ್ಕೆ ಬದಲಾಗುವಾಗ ಎಸ್‌ಆರ್‌ಎಂ ಫೈಲುಗಳನ್ನು (ಆಟದೊಳಗಿನ ಸೇವ್ ಇರುವವು) ಒಯ್ಯಿರಿ. ಆ ಕ್ಷಣದ ಸ್ಥಿತಿಯನ್ನು ತಂತ್ರಾಂಶ ಉಳಿಸಿಟ್ಟ ಸೇವ್ ಸ್ಟೇಟ್‌ಗಳು ಕೋರ್ ಬದಲಾದರೆ ತೆರೆಯುವುದಿಲ್ಲ, ಆದ್ದರಿಂದ ಹೊರಡುವ ಮೊದಲು ಆಟದೊಳಗಿನ ಸೇವ್ ಒಮ್ಮೆ ಮಾಡಿಬಿಡಿ.